ಮೊದಲ ಹಾಲು ಮಿದುಳಿನವರೆಗೆ ಹೋಗುತ್ತದೆಯೆ?

ದೊಡ್ಡಬಳ್ಳಾಪುರದ ಕಡೆ ಹಸು ಕರು ಹಾಕಿದರೆ ಮೊದಲು ಕರುವನ್ನು ಕೆಚ್ಚಲಿಗೆ ಬಿಡುತ್ತಾರೆ. ಆ ಮೊದಲ ಹಾಲನ್ನು ಡೇರಿಗೆ ಹಾಕುವಂತಿಲ್ಲ, ಕಾಯಿಸಿದರೆ ಗಟ್ಟಿಯಾಗಿಬಿಡುತ್ತದೆ. ಕರು ಕುಡಿದು ಮಿಕ್ಕಿದ್ದಕ್ಕೆ ಬೆಲ್ಲ, ಏಲಕ್ಕಿ ಬೆರೆಸಿ ಇಡ್ಲಿ ಪಾತ್ರೆಯಲ್ಲಿ ಬೇಯಿಸಿದರೆ ಗಿಣ್ಣು. ಆದರೆ ಬಾಣಂತಿಯ ಮೊದಲ ಹಳದಿ ಹಾಲನ್ನು ಮಾತ್ರ ‘ಕೆಟ್ಟದ್ದು’ ಎಂದು ಹಿಂಡಿ ಚೆಲ್ಲಿ, ಕೂಸಿನ ನಾಲಿಗೆಗೆ ಜೇನುತುಪ್ಪ ಸವರುವ ರೂಢಿ ನಮ್ಮ ಹಳ್ಳಿಗಳಲ್ಲಿ ಬಹುಕಾಲ ಇತ್ತು. ಕರುವಿನ ವಿಷಯದಲ್ಲಿದ್ದ ಬುದ್ಧಿ ಮಗುವಿನ ವಿಷಯದಲ್ಲಿ ಎಲ್ಲಿ ಹೋಗಿತ್ತೋ!

ಕರುವಿಗೆ ಅವಸರವಿದೆ. ಹುಟ್ಟಿದ ಸುಮಾರು 24 ಗಂಟೆಯಲ್ಲಿ ಅದರ ಕರುಳು ದೊಡ್ಡ ಪ್ರೋಟೀನ್‌ಗಳನ್ನು ಇಡಿಯಾಗಿ ರಕ್ತಕ್ಕೆ ಬಿಡುವುದನ್ನು ನಿಲ್ಲಿಸುತ್ತದೆ. ತಾಯಿಯ ರೋಗನಿರೋಧಕ ಅಂಶ ಅಷ್ಟರೊಳಗೆ ದಾಟಬೇಕು. ಮನುಷ್ಯರ ಕೂಸು ಅದನ್ನು ಬಹುಪಾಲು ಗರ್ಭದಲ್ಲೇ ಪಡೆದಿರುತ್ತದೆ. ಹಾಗಾದರೆ ಹಾಲಿನಲ್ಲಿರುವ ಬೆಳವಣಿಗೆಯ ಅಂಶಗಳ ಗತಿಯೇನು?

ಈ ಕಥೆ ಇಟಲಿಯ ಟೂರಿನ್‌ನ ಒಂದು ಮಲಗುವ ಕೋಣೆಯಿಂದ ಶುರುವಾಗುತ್ತದೆ. ಯೆಹೂದಿ ಎಂಬ ಕಾರಣಕ್ಕೆ ಕೆಲಸ ಕಳೆದುಕೊಂಡ ರೀಟಾ ಲೆವಿ-ಮೊಂಟಾಲ್ಚಿನಿ ಯುದ್ಧಕಾಲದಲ್ಲಿ ಅಲ್ಲೇ ಕೋಳಿಮೊಟ್ಟೆಯ ಭ್ರೂಣಗಳನ್ನು ಸೀಳಿ ನರಗಳನ್ನು ನೋಡುತ್ತಿದ್ದರು. ಮುಂದೆ ಅಮೆರಿಕದಲ್ಲಿ ನರಗಳನ್ನು ಬೆಳೆಸುವ ಅಂಶವನ್ನು, ಅಂದರೆ ಎನ್‌ಜಿಎಫ್ ಅನ್ನು, ಗುರುತಿಸಿದರು. ಜೊತೆಗಾರ ಸ್ಟ್ಯಾನ್ಲಿ ಕೋಹೆನ್, ಇಲಿಯ ಜೊಲ್ಲುಗ್ರಂಥಿಯ ಸಾರ ಚುಚ್ಚಿದ ಮರಿಗಳು ಹೊತ್ತಿಗೆ ಮುಂಚೆಯೇ ಕಣ್ಣು ಬಿಟ್ಟದ್ದನ್ನು ಕಂಡು ಚರ್ಮದ ಹೊರಪದರವನ್ನು ಬೆಳೆಸುವ ಅಂಶವನ್ನು, ಅಂದರೆ ಇಜಿಎಫ್ ಅನ್ನು, ಹುಡುಕಿದರು. 1986ರ ನೊಬೆಲ್ ಇಬ್ಬರಿಗೂ ಬಂತು. ತಾಯಿಹಾಲಿನಲ್ಲಿ ಇಜಿಎಫ್ ಇರುವುದು 1980ರಲ್ಲಿ ವರದಿಯಾಯಿತು.

1982ರಲ್ಲಿ ರೀಟಾ ಮತ್ತು ಸಂಗಡಿಗರು ಎನ್‌ಜಿಎಫ್ ಅನ್ನು ಎಳೆ ಇಲಿಮರಿಗಳಿಗೆ ಚುಚ್ಚದೆ ಕುಡಿಸಿ ನೋಡಿದರು. ನರಗಂಟುಗಳು ದಪ್ಪಗಾದವು! ಕರುಳು ದಾಟಿದ್ದು ಖಚಿತ. ಆದರೆ ಆ ಗಂಟುಗಳು ಮಿದುಳಿನ ಹೊರಗಿನವು. ಮಿದುಳಿನ ರಕ್ತನಾಳಗಳು ಎನ್‌ಜಿಎಫ್‌ಗೆ ಸುಲಭವಾಗಿ ಬಾಗಿಲು ತೆರೆಯುವುದಿಲ್ಲ. ಇನ್ಸುಲಿನ್ ಹೋಲುವ ಐಜಿಎಫ್-1 ಎಂಬ ಬೆಳವಣಿಗೆಯ ಅಂಶಕ್ಕಾದರೆ ಅಲ್ಲಿ ಒಳಗೆ ಸಾಗಿಸುವ ಏರ್ಪಾಡೇ ಇದೆ.

ಇಲಿಮರಿಯಲ್ಲಿ ಕಂಡದ್ದನ್ನೆಲ್ಲ ನಮ್ಮ ಕೂಸಿಗೆ ಹೊಂದಿಸಿ, ‘ಹಾಲು ಕುಡಿದರೆ ಮಿದುಳು ಬೆಳೆಯುತ್ತದೆ’ ಎಂದು ಡಬ್ಬಿ ಮಾರುವವರನ್ನು ನಾನಂತೂ ನಂಬುವುದಿಲ್ಲ. ಮಗುವಿನಲ್ಲಿ ಇಜಿಎಫ್ ಹೆಚ್ಚಾಗಿ ದುಡಿಯುವುದು ಕರುಳಿನ ಒಳಪದರದಲ್ಲೇ. ಮಿದುಳಿಗೆ ಅದರ ಉಪಕಾರ ಬಳಸುದಾರಿಯದು: ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಕರುಳು ಕೊಳೆಯುವ ಕಾಯಿಲೆ ಬಂದರೆ, ಬದುಕಿದವರಲ್ಲೂ ಮಿದುಳಿನ ಬೆಳವಣಿಗೆ ಕುಂಠಿತವಾಗುವ ಅಪಾಯ ಹೆಚ್ಚು. ತಾಯಿಹಾಲು ಕುಡಿದವರಲ್ಲಿ ಆ ಕಾಯಿಲೆ ಕಡಿಮೆ. ಬೇಗ ಹೆತ್ತ ತಾಯಂದಿರ ಹಾಲಿನಲ್ಲಿ ಇಜಿಎಫ್ ಹೆಚ್ಚೇ ಇರುವುದು ಕಂಡುಬಂದಿದೆ. ಹೀರಲಾರದ ಕೂಸಿಗೂ ಆ ಹಳದಿ ಹಾಲನ್ನು ನರ್ಸ್‌ಗಳು ನಳಿಕೆಯಲ್ಲಿ ಹನಿಹನಿಯಾಗಿ ಇಳಿಸುತ್ತಾರೆ.