ಗಳಗಂಡವೂ ಅಡಿಗೆಯ ಉಪ್ಪೂ

ಉಪ್ಪಿಗಿಂತ ರುಚಿಯಿಲ್ಲವೆಂಬುದು ನಮ್ಮ ಹಿರಿಯರ ಮಾತು. ರುಚಿಯ ವಿಷಯ ಹಾಗಿರಲಿ. ಇದೇ ಉಪ್ಪು ಒಂದು ಹಾರ್ಮೋನಿನ ಕೊರತೆಯನ್ನು ತಡೆಯುವ ಸಾಧನವೂ ಆಗಿದೆಯೆಂದರೆ ಅನೇಕರಿಗೆ ಆಶ್ಚರ್ಯವಾಗಬಹುದು.

ನಮ್ಮ ಕೊರಳಿನ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡಂತೆ, ಚಿಟ್ಟೆಯ ಆಕಾರದ ಒಂದು ಗ್ರಂಥಿಯಿದೆ. ಇದೇ ಥೈರಾಯಿಡ್. ಇದರ ಸ್ರಾವವನ್ನು ಒಯ್ಯಲು ಪ್ರತ್ಯೇಕ ನಾಳಗಳಿಲ್ಲ. ಅದು ನೇರವಾಗಿ ರಕ್ತವನ್ನು ಸೇರುತ್ತದೆ. ಆದ್ದರಿಂದ ಇದು ನಿರ್ನಾಳ ಗ್ರಂಥಿಗಳ ಗುಂಪಿಗೆ ಸೇರಿದೆ. ಇದು ಸ್ರವಿಸುವ ಥೈರಾಕ್ಸಿನ್ ಎಂಬ ಹಾರ್ಮೋನು ದೇಹದ ಶಾಖೋತ್ಪತ್ತಿ, ಹೃದಯದ ಬಡಿತ, ಮಕ್ಕಳ ಬೆಳವಣಿಗೆ ಇವುಗಳನ್ನೆಲ್ಲ ಪ್ರಭಾವಿಸುತ್ತದೆ. ಥೈರಾಕ್ಸಿನ್ನಿನ ಒಂದೊಂದು ಅಣುವಿನಲ್ಲಿಯೂ ಅಯೊಡೀನಿನ ನಾಲ್ಕು ಪರಮಾಣುಗಳಿವೆ. ಅಯೊಡೀನ್ ಒಂದು ಮೂಲವಸ್ತು. ಯಾವ ಜೀವಕೋಶವೂ ಅದನ್ನು ತಯಾರಿಸಲಾರದು. ಅದು ಆಹಾರದಿಂದಲೇ ಬರಬೇಕು.

ಬೇಕಾಗುವುದಾದರೂ ಎಷ್ಟು? ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಎಂದರೆ ಒಂದು ಗ್ರಾಮನ್ನು ಹತ್ತು ಲಕ್ಷ ಭಾಗ ಮಾಡಿದರೆ ಅಂಥ 150 ಭಾಗ. 70 ವರ್ಷ ಬಾಳಿದವನಿಗೆ ಜೀವಮಾನದಲ್ಲೆಲ್ಲ 4 ಗ್ರಾಂ ಸಾಕು. ಅದರಿಂದ ಒಂದು ಚಹಾ ಚಮಚವೂ ತುಂಬದು.

ಇಷ್ಟೂ ದೊರೆಯದಿದ್ದರೆ ಏನಾಗುತ್ತದೆ? ವಿದ್ಯುತ್ ಇಸ್ತ್ರಿಪೆಟ್ಟಿಗೆ ತಣ್ಣಗಾದೊಡನೆ ಅದರೊಳಗಿನ ತಾಪನಿಯಂತ್ರಕವು ವಿದ್ಯುತ್ತನ್ನು ಮತ್ತೆ ಹರಿಯಗೊಡುತ್ತದೆ. ಹಾಗೆಯೇ, ರಕ್ತದಲ್ಲಿ ಥೈರಾಕ್ಸಿನ್ ಕಡಿಮೆಯಾದೊಡನೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಮತ್ತೊಂದು ಹಾರ್ಮೋನನ್ನು ಸ್ರವಿಸಿ ಥೈರಾಯಿಡನ್ನು ಪ್ರಚೋದಿಸುತ್ತದೆ. ಆದರೆ ಕಚ್ಚಾವಸ್ತುವೇ ಇಲ್ಲದಿದ್ದರೆ ಪ್ರಚೋದನೆಯಿಂದ ಏನು ಫಲ? ಗ್ರಂಥಿಯು ಬರಿದೆ ಹಿಗ್ಗುತ್ತ ಹೋಗಿ ಕೊರಳು ಊದಿಕೊಳ್ಳುತ್ತದೆ. ಇದೇ ಗಳಗಂಡ. ಕಣ್ಣಿಗೆ ಕಾಣುವ ಈ ಊತಕ್ಕಿಂತ ಕಾಣದ ಹಾನಿಯೇ ಘೋರವಾದುದು. ಗರ್ಭಿಣಿಗೆ ಅಯೊಡೀನಿನ ತೀವ್ರ ಕೊರತೆಯಾದರೆ ಶಿಶುವಿನ ಮೆದುಳು ಸರಿಯಾಗಿ ಬೆಳೆಯದು. ಆ ನಷ್ಟವನ್ನು ಅನಂತರ ತುಂಬಿಕೊಡಲಾಗದು.

ಪರ್ವತಪ್ರದೇಶಗಳಲ್ಲಿ ಮಳೆಯೂ ಹಿಮನದಿಗಳೂ ಮಣ್ಣಿನ ಅಯೊಡೀನನ್ನು ತೊಳೆದು ಸಮುದ್ರಕ್ಕೆ ಒಯ್ದಿವೆ. ಅಂಥ ನೆಲದ ಬೆಳೆಯಲ್ಲಿಯೂ ಅದು ಕಡಿಮೆ. ಹಿಮಾಲಯದ ತಪ್ಪಲಿನಲ್ಲಿ ಗಳಗಂಡವು ಹಬ್ಬಿದ್ದುದು ಇದರಿಂದಲೇ. ಇಂದು ಹಿಮಾಚಲ ಪ್ರದೇಶಕ್ಕೆ ಸೇರಿರುವ ಕಾಂಗ್ರಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ 1956ರಲ್ಲಿ ಒಂದು ಪ್ರಯೋಗವನ್ನು ಕೈಗೊಂಡರು. ಪ್ರದೇಶವನ್ನು ಮೂರು ವಲಯಗಳಾಗಿ ವಿಂಗಡಿಸಿ, ಎರಡಕ್ಕೆ ಅಯೊಡೀನ್ ಬೆರೆಸಿದ ಉಪ್ಪನ್ನೂ ಒಂದಕ್ಕೆ ಬೆರೆಸದ ಉಪ್ಪನ್ನೂ ಒದಗಿಸಿದರು. ಕೆಲವು ವರ್ಷಗಳಲ್ಲಿ ಮೊದಲಿನ ಎರಡು ವಲಯಗಳಲ್ಲಿ ಗಳಗಂಡವು ಸುಮಾರು ಅರ್ಧಕ್ಕೆ ಇಳಿಯಿತು, ಮೂರನೆಯದರಲ್ಲಿ ಇಳಿಯಲಿಲ್ಲ. ಅನಂತರ ಆ ವಲಯಕ್ಕೂ ಅಯೊಡೀನ್ ಉಪ್ಪನ್ನು ಕೊಡಲಾಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವು ಆರಂಭವಾಯಿತು.

ಹಾಗೆಂದು ಥೈರಾಯಿಡಿನ ಎಲ್ಲ ರೋಗಗಳಿಗೂ ಉಪ್ಪೇ ಮದ್ದೆಂದು ಭಾವಿಸಬಾರದು. ದೇಹದ ರಕ್ಷಣಾವ್ಯವಸ್ಥೆಯೇ ಗ್ರಂಥಿಯನ್ನು ಹಾಳುಗೆಡವುವ ರೋಗವೂ ಉಂಟು. ಅಲ್ಲಿ ಕೆಟ್ಟಿರುವುದು ಕಾರ್ಖಾನೆಯೇ ಹೊರತು ಕಚ್ಚಾವಸ್ತುವಿನ ಪೂರೈಕೆಯಲ್ಲ. ಅಂಥವರು ಹೆಚ್ಚು ಅಯೊಡೀನ್ ಸೇವಿಸಿದರೆ ಕೇಡೂ ಆಗಬಹುದು. ಅವರಿಗೆ ವೈದ್ಯರು ಥೈರಾಕ್ಸಿನ್ ಗುಳಿಗೆಗಳನ್ನೇ ಕೊಡುತ್ತಾರೆ. ಆಹಾರದೊಡನೆ ಸೇವಿಸಿದರೆ ಆ ಗುಳಿಗೆಯು ಪೂರ್ತಿಯಾಗಿ ರಕ್ತಗತವಾಗದು. ಆದ್ದರಿಂದ ಅದನ್ನು ಬರಿಯ ಹೊಟ್ಟೆಯಲ್ಲಿ ತೆಗೆದುಕೊಳ್ಳುವುದು ವಾಡಿಕೆ.

ಉಳಿದವರು ಮಾಡಬೇಕಾದುದು ಸ್ವಲ್ಪ. ಉಪ್ಪನ್ನು ಮಿತವಾಗಿಯೇ ಬಳಸಬೇಕು, ಬಳಸುವುದು ಅಯೊಡೀನ್ ಉಪ್ಪಾಗಿರಬೇಕು. ತೇವಕ್ಕೂ ಒಲೆಯ ಶಾಖಕ್ಕೂ ಒಡ್ಡಿದರೆ ಅದರಲ್ಲಿರುವ ಅಯೊಡೀನ್ ನಷ್ಟವಾಗುತ್ತದೆ. ಉಪ್ಪಿನ ಭರಣಿಗೆ ಮುಚ್ಚಳ ಹಾಕಿ ಒಲೆಯಿಂದ ದೂರವಿಡುವುದು ಸಣ್ಣ ಕೆಲಸವೇ ಸರಿ. ಆದರೆ ಮನೆಯ ಮಕ್ಕಳ ಬುದ್ಧಿಯ ಬೆಳವಣಿಗೆಗೂ ಅದಕ್ಕೂ ಸಂಬಂಧವಿದೆಯೆಂಬುದನ್ನು ನಾವು ಮರೆಯಬಾರದು.