ಗಂಟೆಯ ಸದ್ದಿಗೆ ಬೆದರುವ ಗೆಳೆಯ

ಮಕ್ಕಳೇ, ತೇರದಾಳದ ಮಗ್ಗದ ಮನೆಗೆ ಹೊಸಬರು ಬಂದರೆ ಖಟಪಟ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾರೆ. ಅದೇ ಮನೆಯ ಕೂಸು ಪಕ್ಕದ ಕೋಣೆಯಲ್ಲಿ ಹಾಯಾಗಿ ಮಲಗಿರುತ್ತದೆ! ಕೂಸಿಗೆ ಕಿವಿ ಕೇಳುವುದಿಲ್ಲವೇ? ಕೇಳುತ್ತದೆ. ಒಂದೇ ಸದ್ದು ಮತ್ತೆ ಮತ್ತೆ ಬಂದಾಗ ಮೆದುಳು 'ಇದರಿಂದ ಅಪಾಯವಿಲ್ಲ' ಎಂದು ಅದನ್ನು ಬದಿಗಿಡುತ್ತದೆ. ಇದೇ ಒಗ್ಗಿಕೊಳ್ಳುವಿಕೆ. (ವರ್ಷಗಟ್ಟಲೆ ಆ ಸದ್ದಿನಲ್ಲಿ ದುಡಿದರೆ ಕಿವಿ ಮಂದವಾಗುತ್ತದೆ, ಆ ಮಾತು ಬೇರೆ.)

ಆದರೆ ಶಾಲೆಯ ಗಂಟೆ ದಿನವೂ ಕೇಳಿದರೂ ದಿನವೂ ಬೆದರಿ ಕಿವಿ ಮುಚ್ಚುವ ಗೆಳೆಯನನ್ನು ನೀವು ಕಂಡಿರಬಹುದು. 'ಅಂಜುಬುರುಕ' ಎಂದು ನಕ್ಕಿರಲೂಬಹುದು. ಆಟಿಸಂ ಇರುವ ಅನೇಕ ಮಕ್ಕಳಿಗೆ ಹೀಗಾಗುತ್ತದೆ. ಆಟಿಸಂ ಅಂಟುರೋಗವಲ್ಲ, ಮೆದುಳು ಬೇರೊಂದು ಬಗೆಯಲ್ಲಿ ಬೆಳೆದಿರುವ ಸ್ಥಿತಿ. 1943ರಲ್ಲಿ ಅಮೆರಿಕದಲ್ಲಿ ವೈದ್ಯ ಲಿಯೋ ಕ್ಯಾನರ್ ಇಂಥ 11 ಮಕ್ಕಳ ಬಗ್ಗೆ ಬರೆದಾಗಲೇ ಜೋರು ಸದ್ದಿನ ಭಯವನ್ನು ಗುರುತಿಸಿದ್ದರು.

ದೇಹದೊಳಗೆ ಏನು ನಡೆಯುತ್ತದೆ? ಮಣಿಕಟ್ಟಿನ ಮೇಲೆ ಬೆರಳಿಟ್ಟು ನಿಮ್ಮ ನಾಡಿ ಎಣಿಸಿ. ಹಿಂದಿನಿಂದ ಯಾರಾದರೂ ದಿಢೀರನೆ ತಟ್ಟೆ ಬಡಿದರೆ ಬಡಿತ ಏರುತ್ತದೆ. (ಸದ್ದಿಗೆ ಅಂಜುವವರ ಮೇಲೆ ಈ ಪ್ರಯೋಗ ಬೇಡ.) ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತಿರುವ ಕಾಕ್ಲಿಯಾ ಕಂಪನವನ್ನು ನರಸಂಕೇತವಾಗಿ ಬದಲಿಸುತ್ತದೆ. ಮೆದುಳಿನಲ್ಲಿರುವ ಬಾದಾಮಿ ಆಕಾರದ ಅಮಿಗ್ಡಲಾ 'ಅಪಾಯ!' ಎಂದರೆ ಸಾಕು, ರಕ್ತಕ್ಕೆ ಅಡ್ರಿನಲಿನ್ ಸೇರುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಇದಕ್ಕೆ ನಿಮ್ಮ ಅಪ್ಪಣೆ ಬೇಕಿಲ್ಲ.

ಬೆವರಿದ ಚರ್ಮದಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಆದ್ದರಿಂದ ಬೆರಳುಗಳಿಗೆ ಪುಟ್ಟ ತಂತಿ ಜೋಡಿಸಿ ವಿಜ್ಞಾನಿಗಳು ಈ ಗಾಬರಿಯನ್ನು ಅಳೆಯುತ್ತಾರೆ. ಆಟಿಸಂ ಇರುವ ಕೆಲವು ಮಕ್ಕಳಲ್ಲಿ ಅದು ಹೆಚ್ಚು. ಕೆಲವರಲ್ಲಿ ಮೊದಲ ಸದ್ದಿಗೆ ಎಲ್ಲರಷ್ಟೇ ಇದ್ದರೂ ಬೇಗ ಇಳಿಯುವುದಿಲ್ಲ. ಹತ್ತನೆಯ ಗಂಟೆಯೂ ಮೊದಲನೆಯದರಂತೆಯೇ ಬಡಿಯುತ್ತದೆ. ಎಲ್ಲರೂ ಒಂದೇ ಥರ ಅಲ್ಲ, ಕೆಲವರು ಕರೆದರೂ ತಿರುಗುವುದಿಲ್ಲ. ಹಾಗಾಗಿ ಮೊದಲು ಶ್ರವಣ ಪರೀಕ್ಷೆ ಮಾಡಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದು ನಡೆಯುತ್ತದೆ. ಇಂಥ ಮಕ್ಕಳಲ್ಲಿ ಬಹಳಷ್ಟು ಜನರ ಕಿವಿ ಸರಿಯಾಗಿಯೇ ಇರುತ್ತದೆ.

ನಾನು ಹೋಗುವ ಒಂದು ಶಾಲೆಯಲ್ಲಿ ಇಂಥ ಹುಡುಗನೊಬ್ಬ ಗಂಟೆಗೆ ಹೆದರಿ ವಾರಗಟ್ಟಲೆ ಮನೆಯಲ್ಲೇ ಉಳಿದಿದ್ದ. ಅವನ ಗುರುಮಾತೆಯರು ಮೊದಲು ಅವನನ್ನು ಗಂಟೆಯಿಂದ ದೂರದ ಬೆಂಚಿನಲ್ಲಿ ಕೂರಿಸಿದರು. ಗಂಟೆ ಹೊಡೆಯುವ ಮುನ್ನ ಗೆಳತಿಯೊಬ್ಬಳು ಬಂದು ಹೇಳುತ್ತಿದ್ದಳು. ಕೆಲವು ತಿಂಗಳ ಮೇಲೆ, ಅವನೇ ಕೇಳಿದ್ದರಿಂದ, ಬಡಿಗೆಯನ್ನು ಅವನ ಕೈಗೇ ಕೊಟ್ಟರು. ತಾನೇ ಮಾಡುವ ಸದ್ದು ಯಾವ ಕ್ಷಣಕ್ಕೆ ಬರುತ್ತದೆಂದು ಮೆದುಳಿಗೆ ಮುಂಚೆಯೇ ಗೊತ್ತಲ್ಲವೇ? ಈಗ ಅವನು ಐದು ನಿಮಿಷ ಮೊದಲೇ ಗಂಟೆಯ ಕೆಳಗೆ ನಿಂತಿರುತ್ತಾನೆ. ಪಟಾಕಿಗೆ ಮಾತ್ರ ಇನ್ನೂ ಕಿವಿ ಮುಚ್ಚುತ್ತಾನೆ.