ಯಾರೂ ಬರೆಯದ ಗಂಗಾಳ

ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿ ಪೀಟರ್ ಕ್ಲಾಸ್ 1627ರಲ್ಲಿ ಬರೆದ ಒಂದು ಚಿತ್ರವಿದೆ. ಅದರಲ್ಲಿ ಮನುಷ್ಯರಿಲ್ಲ, ಊಟದ ಮೇಜೊಂದೇ. ಲೋಹದ ತಟ್ಟೆಗಳು, ಚೀನಾದ ಪಿಂಗಾಣಿ ಬಟ್ಟಲು, ಅರ್ಧ ಸಿಪ್ಪೆ ಸುಲಿದ ನಿಂಬೆ, ಟರ್ಕಿ ಕೋಳಿಯ ಗರಿ ಸಿಕ್ಕಿಸಿದ ದೊಡ್ಡ ಕಡುಬು, ಕಾಗದದ ಸುರುಳಿಯಿಂದ ಉದುರಿದ ಕಾಳುಮೆಣಸು. ಬರೋಕ್ ಕಾಲದ ಡಚ್ಚರ ಇಂಥ ಸ್ಟಿಲ್ ಲೈಫ್ ಚಿತ್ರಗಳನ್ನು ಇತಿಹಾಸಕಾರರು ದಾಖಲೆಯ ಹಾಗೆ ಓದುತ್ತಾರೆ. ಟರ್ಕಿ ಅಮೆರಿಕದ ಹಕ್ಕಿ, ಮೆಣಸಿನ ಬಳ್ಳಿಯ ತವರು ನಮ್ಮ ಪಶ್ಚಿಮಘಟ್ಟ. ಒಂದು ಮೇಜಿನ ಮೇಲೆ ಹಡಗುಗಳು ಓಡಾಡಿದ ದಾರಿಯೆಲ್ಲ ಕಾಣುತ್ತದೆ.

ತುಂಗಭದ್ರೆಯ ದಂಡೆಯ ಮುಕ್ಕುಂದದಿಂದ ಸಿಂಧನೂರು, ಮಸ್ಕಿ, ಲಿಂಗಸುಗೂರಿನವರೆಗೆ ಹಬ್ಬಿದ ಸೀಮೆಯ ಊಟವನ್ನು ಹಾಗೆ ಯಾರೂ ಬರೆದಿಡಲಿಲ್ಲ. ಇವತ್ತಿನ ಗಂಗಾಳದಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಹಸಿಮೆಣಸಿನಕಾಯಿ ಇರುತ್ತವೆ. ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಅನ್ನವೂ ದಂಡಿಯಾಗಿದೆ. ಜೋಳ ಆಫ್ರಿಕಾದಿಂದ ಬಂದದ್ದು. ಶೇಂಗಾ, ಮೆಣಸಿನಕಾಯಿ ಅಮೆರಿಕದವು, ಬಂದು ಐದು ಶತಮಾನ ಆಗಿರಬಹುದು ಅಷ್ಟೆ. ಇವನ್ನೆಲ್ಲ ಎತ್ತಿಟ್ಟರೆ, ನಾಲ್ಕು ಸಾವಿರ ವರ್ಷಗಳ ಹಿಂದೆ ಇಲ್ಲಿನವರು ಏನು ಉಣ್ಣುತ್ತಿದ್ದರು?

ಉತ್ತರ ಸಿಕ್ಕಿರುವುದು ಸೀದುಹೋದ ಕಾಳುಗಳಲ್ಲಿ. ಹಸಿಕಾಳು ಮಣ್ಣಲ್ಲಿ ಕೊಳೆಯುತ್ತದೆ, ಉರಿಗೆ ನೇರ ಬಿದ್ದದ್ದು ಬೂದಿಯಾಗುತ್ತದೆ. ಗಾಳಿ ಕಡಿಮೆಯಿರುವ ಬೂದಿಯೊಳಗೆ ಬಿದ್ದು ಇದ್ದಿಲಾದ ಕಾಳು ಮಾತ್ರ ಆಕಾರ ಕೆಡದೆ ಉಳಿಯುತ್ತದೆ. ಇಂಗಾಲವನ್ನು ಸೂಕ್ಷ್ಮಜೀವಿಗಳು ತಿನ್ನಲಾರವು. ಅಗೆದ ಮಣ್ಣನ್ನು ನೀರಿಗೆ ಹಾಕಿ ಕದಡಿದರೆ ಅದು ಮೇಲೆ ತೇಲುತ್ತದೆ. ತೇಲಿದ್ದನ್ನು ಸಣ್ಣ ಜರಡಿಯಲ್ಲಿ ಹಿಡಿದು, ಒಣಗಿಸಿ, ಸೂಕ್ಷ್ಮದರ್ಶಕದಡಿ ಇಟ್ಟು ಗುರುತಿಸುತ್ತಾರೆ. ಪುರಾತತ್ವಜ್ಞರಾದ ಡೋರಿಯನ್ ಫುಲ್ಲರ್, ಧಾರವಾಡದ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಸಂಗನಕಲ್ಲು, ತೆಕ್ಕಲಕೋಟೆ, ಹಳ್ಳೂರು ಮುಂತಾದ ನೆಲೆಗಳ ಮಣ್ಣನ್ನು ಹೀಗೆ ತೇಲಿಸಿ ನೋಡಿದರು. ಮತ್ತೆ ಮತ್ತೆ ಸಿಕ್ಕವು ನಾಲ್ಕು: ಕೊರಲೆ, ನವಣೆಯ ಹತ್ತಿರದ ನೆಂಟನಾದ ಒಂದು ಹುಲ್ಲಿನ ಸಿರಿಧಾನ್ಯ, ಹೆಸರು, ಹುರುಳಿ. ಗೋಧಿ, ಬಾರ್ಲಿ ಬಂದದ್ದು ಆಮೇಲೆ. ಮಳೆಗಾಲದ ಒಣಬೇಸಾಯಕ್ಕೆ ಒಗ್ಗಿದ ಈ ನಾಲ್ಕೂ ದಕ್ಷಿಣ ಭಾರತದ ನೆಲದಲ್ಲೇ ಪಳಗಿದವು ಎಂಬುದು ಅವರ ವಾದ, ಮತ್ತು ಅದು ಸಣ್ಣ ಮಾತಲ್ಲ. ಬೇಸಾಯವೆಂದರೆ ಹೊರಗಿನಿಂದ ಬಂದ ವಿದ್ಯೆ ಎಂಬ ಹಳೆಯ ನಂಬಿಕೆಗೆ ಒಂದು ಹಿಡಿ ಕರಿಕಾಳು ಎದುರು ನಿಂತಿತು.

ಹುರುಳಿಯ ಕಥೆಯಂತೂ ನನಗೆ ಬಹಳ ಪ್ರಿಯ. ಕಾಡುಹುರುಳಿಯ ಸಿಪ್ಪೆ ದಪ್ಪ. ನೀರು ಬೇಗ ಒಳಗಿಳಿಯುವುದಿಲ್ಲ, ಆದ್ದರಿಂದ ಎಲ್ಲ ಕಾಳೂ ಒಂದೇ ಮಳೆಗೆ ಮೊಳೆಯುವುದಿಲ್ಲ. ಕಾಡಿನಲ್ಲಿ ಅದು ಜಾಣತನ. ಒಂದು ಮಳೆ ಕೈಕೊಟ್ಟರೂ ವಂಶ ಉಳಿಯುತ್ತದೆ. ಹೊಲದಲ್ಲಿ ಅದು ನಷ್ಟ. ಬಿತ್ತಿದ ಕೂಡಲೇ ಎದ್ದ ಸಸಿಗಳ ಕಾಳೇ ಕೊಯ್ಲಿಗೆ ಸಿಕ್ಕು, ಅದೇ ಮುಂದಿನ ವರ್ಷದ ಬೀಜವಾಗಿ, ತಲೆಮಾರುಗಳಲ್ಲಿ ಸಿಪ್ಪೆ ತೆಳುವಾಯಿತು. 2017ರಲ್ಲಿ ಷಾರ್ಲೀನ್ ಮರ್ಫಿ ಮತ್ತು ಫುಲ್ಲರ್ ಭಾರತದ ಪ್ರಾಚೀನ ಹುರುಳಿಕಾಳುಗಳನ್ನು ಬ್ರಿಟನ್ನಿನ ಸಿಂಕ್ರೊಟ್ರಾನ್ ಯಂತ್ರದ ತೀಕ್ಷ್ಣ ಎಕ್ಸ್-ಕಿರಣಕ್ಕೆ ಒಡ್ಡಿ, ಒಡೆಯದೆಯೇ ಸಿಪ್ಪೆಯ ದಪ್ಪ ಅಳೆದರು. ಕಾಲ ಸರಿದಂತೆ ಅದು ತೆಳುವಾದದ್ದು ಕಂಡಿತು. ರಾತ್ರಿ ನೆನೆಹಾಕಿದ ಹುರುಳಿ ಬೇಗ ಮೊಳಕೆ ಬಿಡುವುದರ ಹಿಂದೆ ಹೆಸರಿಲ್ಲದ ರೈತರು ನೂರಾರು ವರ್ಷ ಮಾಡಿದ ಆಯ್ಕೆಯಿದೆ.

ಇನ್ನು ಪಾತ್ರೆ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಪುರಾತತ್ವಜ್ಞ ಆಲ್ಚಿನ್ 1952ರಲ್ಲಿ, ಮಸ್ಕಿಯಲ್ಲಿ ಬಿ.ಕೆ. ಥಾಪರ್ 1954ರಲ್ಲಿ ಉತ್ಖನನ ನಡೆಸಿದರು. ಹಳೆಯ ಪದರಗಳಲ್ಲಿ ಬೂದುಬಣ್ಣದ ಮಡಿಕೆಗಳು. ಕಬ್ಬಿಣದ ಕಾಲಕ್ಕೆ ಬಂದರೆ ಒಳಗೆ ಕಪ್ಪು, ಹೊರಗೆ ಕೆಂಪಾದ ನುಣುಪು ಬಟ್ಟಲುಗಳು. ಈ ಎರಡು ಬಣ್ಣಕ್ಕೆ ಬಣ್ಣ ಬಳಿಯಬೇಕಿರಲಿಲ್ಲ. ಆವಿಗೆಯಲ್ಲಿ ಬಟ್ಟಲನ್ನು ಬೋರಲು ಹಾಕಿ ಸುಟ್ಟರೆ ಹೊರಮೈಗೆ ಗಾಳಿ ತಾಕಿ ಮಣ್ಣಿನ ಕಬ್ಬಿಣ ಕೆಂಪು ಆಕ್ಸೈಡ್ ಆಗುತ್ತದೆ. ಬಾಯಿಯಂಚು, ಒಳಮೈಗಳಿಗೆ ಗಾಳಿ ಸಿಗದೆ ಹೊಗೆಯ ಇಂಗಾಲ ಕೂತು ಕಪ್ಪಾಗುತ್ತವೆ. ಮಡಿಕೆಯ ರಂಧ್ರಗಳಲ್ಲಿ ಇಂಗಿದ ಕೊಬ್ಬನ್ನೂ ಈಗ ಪ್ರಯೋಗಾಲಯದಲ್ಲಿ ಹೊರತೆಗೆಯಬಹುದು. ಅದರ ಇಂಗಾಲದ ಐಸೊಟೋಪುಗಳ ಅನುಪಾತ ನೋಡಿ ಹಾಲಿನ ಕೊಬ್ಬೋ ಮಾಂಸದ ಕೊಬ್ಬೋ ಎಂದು ಬೇರ್ಪಡಿಸುತ್ತಾರೆ. ದನಗಾಹಿಗಳ ಸಗಣಿ ಉರಿದು ಬೂದಿಗುಡ್ಡಗಳೇ ಎದ್ದಿರುವ ಈ ಸೀಮೆಗೆ ಆ ಪರೀಕ್ಷೆ ಬಹಳ ಮುಖ್ಯ.

ಕ್ಲಾಸನ ಚಿತ್ರದಲ್ಲಿಲ್ಲದ ಒಂದು ಕೊರತೆ ಇಲ್ಲಿದೆ: ಸುಡದೇ ತಿಂದದ್ದು ಸಿಕ್ಕುವುದು ಅಪರೂಪ. ಸೊಪ್ಪು, ಮಜ್ಜಿಗೆ, ಹಸಿಹಣ್ಣು ಇಂಥ ಚಿತ್ರದಿಂದ ಜಾರಿಹೋಗುತ್ತವೆ. ಮಣ್ಣು ತೇಲಿಸುವ ಪದ್ಧತಿ 1960ರ ದಶಕದಲ್ಲಷ್ಟೇ ಬಳಕೆಗೆ ಹರಡಿತು. ಅದಕ್ಕೂ ಮುಂಚಿನ ಉತ್ಖನನಗಳಲ್ಲಿ ಕಣ್ಣಿಗೆ ಕಾಣದ ಕಾಳು ಮಣ್ಣಿನೊಡನೆ ಹೊರಬಿದ್ದು ಹೋಗುತ್ತಿತ್ತು. ಈಗಿನ ಅಪಾಯ ಬೇರೆ. ಗೊಬ್ಬರಕ್ಕೆಂದು ಬೂದಿಗುಡ್ಡಗಳನ್ನು ಅಗೆದು ಒಯ್ಯಲಾಗಿದೆ, ಗದ್ದೆ ಮಾಡಲು ದಿಬ್ಬಗಳನ್ನು ಮಟ್ಟ ಮಾಡಲಾಗುತ್ತದೆ. ಹೊಲ ಹದ ಮಾಡುವಾಗ ಬೂದಿಯ ಪದರವೋ ಕಪ್ಪು-ಕೆಂಪು ಬೋಕಿಗಳೋ ಎದ್ದರೆ ಯಂತ್ರ ನಿಲ್ಲಿಸಿ, ರಾಜ್ಯದ ಪುರಾತತ್ವ ಇಲಾಖೆಗೆ ಒಂದು ಮಾತು ತಿಳಿಸಬೇಕು. ಬೋಕಿಯ ಜೊತೆಗೆ ಅದರ ಸುತ್ತಲಿನ ಮಣ್ಣನ್ನೂ ಅಲುಗಿಸದೆ ಬಿಡಬೇಕು. ಕಾಳು ಇರುವುದು ಆ ಮಣ್ಣಿನಲ್ಲಿ.